ಸೀಲಪ್ಪ ಬಾಯಿ ಬಿಟ್ಟಿದ್ದು

ನೀರು ಸರಬರಾಜು ಕಚೇರಿಯ ಸೀಲಪ್ಪನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಅದು ಈಗ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿದೆ. ಇಪ್ಪತ್ತಾರು ವರ್ಷದಿಂದ ಊರಿನ ನೀರಿನ ಮೀಟರುಗಳಿಗೆ ಸೀಲು ಹಾಕುತ್ತ ಬಂದದ್ದರಿಂದ ಅವನು ಎಲ್ಲರ ಬಾಯಲ್ಲೂ ಸೀಲಪ್ಪನಾದ. ಕೆಲಸ ನೋಡಲು ಸಣ್ಣದು. ಮೀಟರಿನ ಮುಚ್ಚಳದ ತೂತಿನಲ್ಲಿ ತಂತಿ ಪೋಣಿಸಬೇಕು, ತಂತಿಯ ಎರಡೂ ತುದಿಗಳನ್ನು ಸೇರಿಸಿ ಕಡಲೆ ಗಾತ್ರದ ಸೀಸದ ಗುಂಡಿಗೆ ಸಿಕ್ಕಿಸಬೇಕು, ಕಚೇರಿಯ ಗುರುತು ಕೆತ್ತಿರುವ ಇಕ್ಕಳದಿಂದ ಗುಂಡನ್ನು ಅಮುಕಬೇಕು. ಸೀಸ ಚಪ್ಪಟೆಯಾಗಿ ಅದರ ಮೇಲೆ ಗುರುತು ಮೂಡಿತು ಎಂದರೆ ಮುಗಿಯಿತು. ಆಮೇಲೆ ಆ ಮೀಟರಿಗೆ ಯಾರು ಕೈ ಹಾಕಿದರೂ ಸಿಕ್ಕಿಬೀಳುತ್ತಾರೆ.

ಊರಿನವರೆಲ್ಲ ಕಳ್ಳರು ಎಂದು ಒಪ್ಪಿಕೊಂಡು ಬೆಳಗಿನಿಂದ ಸಂಜೆಯ ತನಕ ದುಡಿಯುವವನಿಗೆ ಮನೆಗೆ ಬಂದ ಕೂಡಲೇ ಜನರ ಮೇಲೆ ನಂಬಿಕೆ ಹುಟ್ಟುವುದಿಲ್ಲ. ಸೀಲಪ್ಪ ಬಾಗಿಲಿಗೆ ಬೀಗ ಹಾಕಿ ನಾಲ್ಕು ಸಲ ಜಗ್ಗುತ್ತಿದ್ದ. ಐದನೆಯ ಸಲ ಹೆಂಡತಿಯಿಂದ ಜಗ್ಗಿಸುತ್ತಿದ್ದ. ಅವಳು ಮನಸ್ಸಿಟ್ಟು ಜಗ್ಗಿದಳೋ ಇಲ್ಲವೋ ಎಂಬ ಅನುಮಾನದಿಂದ ಆರನೆಯ ಸಲ ಮತ್ತೆ ತಾನೇ ಜಗ್ಗುತ್ತಿದ್ದ. ಇನ್ನು ಸರಕಾರದ ಇಕ್ಕಳದ ವಿಷಯ ಕೇಳಬೇಕೆ? ಅದು ಪರರ ಕೈಗೆ ಸಿಕ್ಕರೆ ಕೆಲಸ ಹೋಯಿತೆಂದೇ ಅರ್ಥ. ಅವನಿಗಿಂತ ಹಿಂದೆ ಇದ್ದವನು ಇಕ್ಕಳ ಕಳೆದುಕೊಂಡದ್ದಕ್ಕೇ ಮನೆಗೆ ಹೋಗಿದ್ದ. ಆದ್ದರಿಂದ ಸೀಲಪ್ಪ ಅದನ್ನು ದಿನವೂ ಮನೆಗೆ ತಂದು, ದಿನಕ್ಕೊಂದು ಜಾಗದಲ್ಲಿ ಬಚ್ಚಿಡುತ್ತಿದ್ದ.

ಒಂದು ಗುರುವಾರ ಲಾಂಡ್ರಿಯ ಹಿಂಗೋಡೆಗೆ ಹೊಸ ಮೀಟರು ಕೂರಿಸಿ ಫಿಟ್ಟರು ಹೊರಟುಹೋದ ಮೇಲೆ ಸೀಲಪ್ಪ ಅಲ್ಲಿಗೆ ಹೋದ. ತಂತಿ ಪೋಣಿಸಿದ, ಸೀಸ ಸಿಕ್ಕಿಸಿದ, ಸೊಂಟದ ಚೀಲಕ್ಕೆ ಕೈ ಹಾಕಿದ. ಇಕ್ಕಳ ಇರಲಿಲ್ಲ. ಯಾರೋ ಕದ್ದಿದ್ದಾರೆ ಎಂಬುದು ಅವನಿಗೆ ಹೊಳೆದ ಮೊದಲ ವಿಚಾರ. ಯಾರು ಯಾರು ಕದ್ದಿರಬಹುದು ಎಂದು ಬೆರಳು ಮಡಿಸಿ ಎಣಿಸುವಾಗ ಎರಡನೆಯ ವಿಚಾರ ಬಂತು. ಹಿಂದಿನ ಸಂಜೆ ಯಾರಿಗೂ ಗೊತ್ತಾಗಬಾರದು ಎಂದು ಅದನ್ನು ತಾನೇ ಬಚ್ಚಿಟ್ಟಿದ್ದ. ಎಷ್ಟು ಚೆನ್ನಾಗಿ ಬಚ್ಚಿಟ್ಟಿದ್ದನೆಂದರೆ, ಎಲ್ಲಿ ಎನ್ನುವುದು ಈಗ ಅವನಿಗೂ ಗೊತ್ತಾಗಲಿಲ್ಲ.

ಸೀಲಿಲ್ಲದ ಮೀಟರನ್ನು ಹಾಗೆಯೇ ಬಿಟ್ಟು ಹೋದರೆ ಕಾರಣ ಬರೆದು ಕೊಡಬೇಕು. ಕಾರಣ ಬರೆದರೆ ಇಕ್ಕಳದ ಮಾತು ಬರುತ್ತದೆ. ಸೀಲಪ್ಪ ಆಚೀಚೆ ನೋಡಿದ. ಲಾಂಡ್ರಿಯವರು ಒಳಗೆ ಆವಿಯ ನಡುವೆ ಬಟ್ಟೆ ಹಿಂಡುತ್ತಿದ್ದರು. ಅವನು ಮಂಡಿಯೂರಿ, ಕೆನ್ನೆಯನ್ನು ಗೋಡೆಗೆ ಒತ್ತಿ, ಸೀಸದ ಗುಂಡನ್ನು ಬಲಗಡೆಯ ಹಲ್ಲುಗಳ ನಡುವೆ ಇಟ್ಟುಕೊಂಡು ಕಚ್ಚಿದ. ಮೊದಲ ಸಲಕ್ಕೆ ಸೀಸ ಬಗ್ಗಿತು. ಎರಡನೆಯ ಸಲಕ್ಕೆ ಚಪ್ಪಟೆಯಾಯಿತು. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಗೆ ಕೆಲಸವೇ ಇರುತ್ತಿರಲಿಲ್ಲ. ಆದರೆ ಸೀಲಪ್ಪನಿಗೆ ಸ್ವಂತ ಕಡಿತದ ಮೇಲೂ ಪೂರ್ತಿ ನಂಬಿಕೆ ಇರಲಿಲ್ಲ. ಮೂರನೆಯ ಸಲ ಪ್ರಾಣ ಕೊಟ್ಟು ಕಚ್ಚಿದ. ಹಲ್ಲು ಸೀಸ ದಾಟಿ ತಂತಿಗೆ ತಾಗಿತು. ಲಟಕ್ಕೆಂದಿತು. ಕೋರೆಹಲ್ಲಿನ ಹಿಂದಿನ ಹಲ್ಲು ಎರಡು ಹೋಳಾಗಿ, ಒಂದು ಹೋಳು ಗಾಬರಿಯಲ್ಲಿ ಹೊಟ್ಟೆಗೆ ಹೋಯಿತು.

ಸೀಲೇನೋ ಗಟ್ಟಿಯಾಗಿ ಬಿದ್ದಿತ್ತು. ಅದರ ಮೇಲೆ ಎರಡು ಗುಳಿ, ನಡುವೆ ಒಂದು ಓರೆ ಗೆರೆ. ಕಚೇರಿಯ ಗುರುತಿಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಸಂಜೆ ಮನೆಯಲ್ಲಿ ಹಳೆಯ ಬೂಟಿನೊಳಗೆ ಇಕ್ಕಳ ಸಿಕ್ಕಿದಾಗ ಸೀಲಪ್ಪನಿಗೆ ಅಳು ಬಂತು. ಸೀಲಿನ ಪುಸ್ತಕದಲ್ಲಿ ಲಾಂಡ್ರಿಯ ಮೀಟರಿನ ಮುಂದೆ ಸಹಿ ಮಾಡಲು ಧೈರ್ಯ ಬರಲಿಲ್ಲ. ಕಚೇರಿಯಲ್ಲಿ ಸೀಲು ಹಾಕುವವರು ಐದು ಜನ, ಆ ಬೀದಿಗೆ ಯಾರು ಬೇಕಾದರೂ ಹೋಗಬಹುದಿತ್ತು. ಜಾಗ ಖಾಲಿ ಬಿಟ್ಟು ಸುಮ್ಮನಾದ.

ಊದಿದ ಕೆನ್ನೆಯನ್ನು ಖಾಲಿ ಬಿಡುವಂತಿರಲಿಲ್ಲ. ಕಚೇರಿಯಲ್ಲಿ ಮೆಟ್ಟಿಲಿನಿಂದ ಜಾರಿದೆ ಎಂದು ಹೇಳಿ, ಅದನ್ನೇ ರಜೆಯ ಚೀಟಿಯಲ್ಲಿ ಬರೆದುಕೊಟ್ಟ. ಮನೆಯಲ್ಲಿ ಆ ಸುಳ್ಳು ನಡೆಯುವಂತಿರಲಿಲ್ಲ, ಏಕೆಂದರೆ ಅವನ ಹೆಂಡತಿ ಎಲ್ಲಿ ಜಾರಿದಿರಿ, ಎಷ್ಟನೆಯ ಮೆಟ್ಟಿಲು, ಮಂಡಿಗೆ ಯಾಕೆ ಪೆಟ್ಟಾಗಲಿಲ್ಲ ಎಂದು ಕೇಳುವವಳು. ಅವಳಿಗೆ ಅನ್ನದಲ್ಲಿ ಕಲ್ಲು ಸಿಕ್ಕಿತು ಎಂದುಬಿಟ್ಟ.

ಇದಕ್ಕಿಂತ ಮೆಟ್ಟಿಲೇ ವಾಸಿಯಾಗಿತ್ತು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಆಕೆಯ ಅನ್ನದಲ್ಲಿ ಕಲ್ಲು ಎಂಬ ಮಾತು ಬಂದಿರಲಿಲ್ಲ. ಆಕೆ ಮನೆಯಲ್ಲಿದ್ದ ಅಕ್ಕಿಯನ್ನೆಲ್ಲ ಕಿಟಕಿಯ ಬೆಳಕಿನಲ್ಲಿ ಹಳೆಯ ಪೇಪರಿನ ಮೇಲೆ ಸುರಿದು, ಎರಡು ದಿನ ಕೂತು ಕಾಳು ಕಾಳಾಗಿ ಆರಿಸಿದಳು. ಒಂದೇ ಒಂದು ಕಲ್ಲು ಸಿಗಲಿಲ್ಲ. ಹಾಗಾದರೆ ಇದ್ದ ಒಂದೇ ಕಲ್ಲನ್ನು ಅಂಗಡಿಯವನು ಬೇಕೆಂದೇ ಸೇರಿಸಿದ್ದಾನೆ ಎಂದು ತೀರ್ಮಾನಿಸಿ ದಿನಸಿ ಅಂಗಡಿಗೆ ಹೋದಳು. ಗಿರಾಕಿಗಳ ಎದುರಿಗೇ ಮಾತಿಗೆ ಮಾತು ಬೆಳೆಯಿತು. ಕಲ್ಲು ತೋರಿಸಿ ಆಮೇಲೆ ಮಾತಾಡಿ ಎಂದರು ಅಂಗಡಿಯವರು. ಕಲ್ಲು ಎಲ್ಲಿ ಎಂದು ಆಕೆ ಮನೆಗೆ ಬಂದು ಗಂಡನನ್ನು ಕೇಳಿದಳು. ನುಂಗಿಬಿಟ್ಟೆ ಎಂದ ಸೀಲಪ್ಪ. ನುಂಗಿದ್ದು ನಿಜವಾದರೆ ನಾಳೆ ನಾಡಿದ್ದರಲ್ಲಿ ಸಿಗಲೇಬೇಕಲ್ಲ ಎಂದು ಅಂಗಡಿಯವರು ಹೇಳಿ ಕಳಿಸಿದರು. ಆ ವಾದವನ್ನು ಇಲ್ಲಿಗೇ ಬಿಡೋಣ.

ಸೋಮವಾರ ಕಚೇರಿಯಲ್ಲಿ ಸಾಹೇಬರು ಐದೂ ಜನರನ್ನು ಕರೆದರು. ಸಾಹೇಬರು ಬಂದು ಮೂರು ತಿಂಗಳಾಗಿತ್ತು. ಮಾತಾಡುವಾಗಲೆಲ್ಲ ಬಾಯಿಗೆ ಕರ್ಚೀಫು ಅಡ್ಡ ಹಿಡಿಯುತ್ತಿದ್ದರು. ಇವರು ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ಸೀಲಪ್ಪ ಮೊದಲ ದಿನವೇ ಗುರುತು ಹಾಕಿಕೊಂಡಿದ್ದ. ಅವರು ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಕವರು ಇಟ್ಟರು. ಅದರೊಳಗೆ ತಪಾಸಣೆಗೆ ಹೋದವರು ಕತ್ತರಿಸಿ ತಂದ ಲಾಂಡ್ರಿಯ ಸೀಲು ಇತ್ತು.

"ಈ ಗುರುತು ಯಾರದು ಅಂತ ಗೊತ್ತಾಗೋ ತನಕ ನಾನು ಬಿಡಲ್ಲ," ಎಂದರು ಸಾಹೇಬರು ಕರ್ಚೀಫಿನ ಹಿಂದಿನಿಂದ. "ಬರೋ ಸೋಮವಾರ ಎಲ್ಲರೂ ನಿಮ್ಮ ನಿಮ್ಮ ಇಕ್ಕಳ ತನ್ನಿ. ನನ್ನೆದುರಿಗೆ ಸೀಸ ಒತ್ತಿ ತೋರಿಸಬೇಕು. ತಾಳೆ ನೋಡೋಣ. ಅಷ್ಟರೊಳಗೆ ಯಾರಾದ್ರೂ ತಾವಾಗಿ ಬಾಯಿ ಬಿಟ್ರೆ ಸಂತೋಷ."

ಸೀಲಪ್ಪ ಬಾಯಿಯನ್ನು ಇನ್ನೂ ಬಿಗಿಯಾಗಿ ಮುಚ್ಚಿದ. ಒಳಗೆ ಹಲ್ಲು ಜುಮ್ಮೆಂದಿತು. ನಿವೃತ್ತಿಗೆ ಐದು ವರ್ಷವಿತ್ತು. ಇಲ್ಲಿ ಸಿಕ್ಕಿಬಿದ್ದರೆ ಕಳ್ಳನೆಂದು ಹೊರಗೆ ಹಾಕುತ್ತಾರೆ, ಬೀದಿಯಲ್ಲಿ ತಲೆ ಎತ್ತಿ ನಡೆಯುವಂತಿಲ್ಲ, ಇಷ್ಟು ವರ್ಷ ಅನುಮಾನಿಸಿದವರೆಲ್ಲ ಸಾಲಾಗಿ ನಿಂತು ನಗುತ್ತಾರೆ. ಅವನಿಗೆ ನಿಜವಾಗಿ ಹೆದರಿಕೆಯಾಯಿತು.

ಮರುದಿನ ನೋವು ತಡೆಯಲಾಗದೆ ಗೋಡೆಗೆ ತಲೆಯಿಟ್ಟು ನಿಂತವನನ್ನು ಹೆಂಡತಿ ಕೈ ಹಿಡಿದು ಹಲ್ಲಿನ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದಳು. ಚಿಕಿತ್ಸೆಯ ಕೋಣೆಗೆ ಕಾಲಿಟ್ಟ ಕೂಡಲೇ ಸೀಲಪ್ಪನ ಕಣ್ಣು ಕಪಾಟಿನ ಮೇಲೆ ಬಿತ್ತು. ಅದರಲ್ಲಿ ಸಾಲಾಗಿ ಪ್ಲಾಸ್ಟರಿನ ದವಡೆಗಳು, ಒಂದೊಂದು ದವಡೆಗೂ ಹೆಸರು ಬರೆದ ಚೀಟಿ. ಸಾಕ್ಷಿಗಳನ್ನು ಇಷ್ಟು ಅಚ್ಚುಕಟ್ಟಾಗಿ ಕಾಪಾಡಿದ್ದನ್ನು ಅವನು ತನ್ನ ಕಚೇರಿಯಲ್ಲೂ ಕಂಡಿರಲಿಲ್ಲ.

ಡಾಕ್ಟರಮ್ಮ ಕುರ್ಚಿಯನ್ನು ಹಿಂದಕ್ಕೆ ವಾಲಿಸಿ, ದೀಪ ಎಳೆದು, ಮೆಲ್ಲಗೆ ಹೇಳಿದರು:

"ಬಾಯಿ ಬಿಡಿ."

"ಯಾವ ವಿಷಯ?" ಎಂದ ಸೀಲಪ್ಪ ಹಲ್ಲುಕಚ್ಚಿ.

ಹೆಂಡತಿ ತಿವಿದ ಮೇಲೆ ಬಾಯಿ ತೆರೆಯಿತು. ಡಾಕ್ಟರಮ್ಮ ಸಣ್ಣ ಕನ್ನಡಿ ಹಿಡಿದು ತುಂಬ ಹೊತ್ತು ನೋಡಿದರು. ಹೇಗೆ ಮುರಿಯಿತು ಎಂದು ಕೇಳಿದರು. ಕಲ್ಲು ಎಂದಳು ಹೆಂಡತಿ, ಗಂಡನ ಪರವಾಗಿ, ಆದರೆ ಗಂಡನ ಮೇಲಿನ ಸಿಟ್ಟಿನಿಂದ. ಕಲ್ಲಿಗೆ ಹೀಗೆ ಆಗುವುದಿಲ್ಲವಲ್ಲ ಎಂದರು ಡಾಕ್ಟರಮ್ಮ. ಹಲ್ಲಿನ ಸಂದಿನಲ್ಲಿ ಏನೋ ಬೂದುಬಣ್ಣದ ಲೋಹ ಮೆತ್ತಿಕೊಂಡಿದೆ, ಸೀಸವೋ ಏನೋ, ಯಾವುದಾದರೂ ಗಟ್ಟಿ ತಂತಿ ಗಿಂತಿ ಕಚ್ಚಿದ್ದರಾ ಎಂದು ಕೇಳಿದರು. ಸೀಲಪ್ಪ ಕಣ್ಣು ಮುಚ್ಚಿಕೊಂಡ. ಅವನ ಹೆಂಡತಿ ಕಣ್ಣು ಬಿಟ್ಟುಕೊಂಡು ಅವನನ್ನೇ ನೋಡಿದಳು. ಅಲ್ಲಿಯ ತನಕ ಅಂಗಡಿಯವರ ಮೇಲಿದ್ದ ಅನುಮಾನವನ್ನು ಆಕೆ ಆ ಕ್ಷಣದಲ್ಲಿ ಗಂಡನ ಮೇಲೆ ವರ್ಗಾಯಿಸಿದಳು.

ಡಾಕ್ಟರಮ್ಮ ತಾಳ್ಮೆಯವರು. ಎಕ್ಸ್-ರೇ ತೆಗೆದು, ಎಲ್ಲವನ್ನೂ ಬಿಡಿಸಿ ಹೇಳಿದರು. ಹಲ್ಲು ಅರ್ಧಕ್ಕಿಂತ ಹೆಚ್ಚು ಹೋಗಿದೆ, ಆದರೆ ಬೇರು ಚೆನ್ನಾಗಿದೆ, ಉಳಿಸಿಕೊಳ್ಳಬಹುದು. ಬೇರಿನೊಳಗಿನ ನರ ತೆಗೆದು, ಶುದ್ಧ ಮಾಡಿ ತುಂಬಿ, ಒಳಗೊಂದು ಸಣ್ಣ ಕಂಬ ನಿಲ್ಲಿಸಿ ಅದರ ಮೇಲೆ ಹಲ್ಲು ಕಟ್ಟುವುದು ಒಂದು ದಾರಿ. ಅದು ಬೇಡವಾದರೆ ಕಿತ್ತು, ಆಚೀಚೆಯ ಹಲ್ಲುಗಳನ್ನು ಉಜ್ಜಿ ಅವುಗಳ ಆಸರೆಯಲ್ಲಿ ಕಟ್ಟು ಹಲ್ಲು ಕೂರಿಸಬಹುದು. ಇಲ್ಲವೇ ಮೂಳೆಗೆ ತಿರುಪು ಹಾಕಿ ಹೊಸದನ್ನು ನಿಲ್ಲಿಸಬಹುದು. ಏನೂ ಮಾಡದೆ ಜಾಗ ಖಾಲಿ ಬಿಡುವವರೂ ಉಂಟು.

"ನನ್ನ ಮಾತು ಕೇಳೋದಾದ್ರೆ ಉಳಿಸ್ಕೊಳ್ಳಿ," ಎಂದರು. "ನರ ತೆಗೆದು ಮೇಲೊಂದು ಟೋಪಿ ಹಾಕಿಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ."

ಸೀಲಪ್ಪ ಓರೆಗಣ್ಣಿನಲ್ಲಿ ಹೆಂಡತಿಯ ಕಡೆ ನೋಡಿದ. ಇಷ್ಟು ವರ್ಷದಲ್ಲಿ ಎಷ್ಟೋ ಜನ ಅವನಿಗೆ ಟೋಪಿ ಹಾಕಲು ನೋಡಿದ್ದರು. ಮುಂಚೆಯೇ ಹೇಳಿ ಹಾಕುವವರನ್ನು ಕಂಡದ್ದು ಇದೇ ಮೊದಲು.

ಅವನ ಕೈ ಕುರ್ಚಿಯ ತೋಳನ್ನು ಬಿಗಿಹಿಡಿದಿದ್ದನ್ನು ನೋಡಿ ಡಾಕ್ಟರಮ್ಮನಿಗೆ ಪಾಪ ಎನಿಸಿತು. ಹೆದರುವವರಿಗೂ ದಾರಿಗಳಿವೆ ಎಂದರು. ಮೊದಲು ವಸಡಿಗೆ ಮುಲಾಮು ಹಚ್ಚಿ ಆಮೇಲೆ ಮರಗಟ್ಟಿಸುವ ಸೂಜಿ ಕೊಟ್ಟರೆ ಸೂಜಿಯೂ ಗೊತ್ತಾಗುವುದಿಲ್ಲ. ಮೂಗಿಗೆ ಒಂದು ಗಾಳಿ ಕೊಟ್ಟರೆ ಮೈ ಹಗುರಾಗಿ ನಗು ಬಂದಂತಾಗುತ್ತದೆ. ಒಂದು ಗಂಟೆ ಮೊದಲೇ ನುಂಗುವ ಮಾತ್ರೆ ಇದೆ, ಮನೆಗೆ ಕರೆದೊಯ್ಯಲು ಜೊತೆಗೊಬ್ಬರು ಬೇಕು. ತೀರ ಹೆದರುವವರಿಗೆ ಕೈಯ ರಕ್ತನಾಳಕ್ಕೆ ಮಂಪರಿನ ಔಷಧಿ ಕೊಡುವವರನ್ನು ಕರೆಸಬಹುದು.

"ನಿದ್ದೆ ಅಲ್ಲ, ಮಂಪರು. ಭಯ ಅನ್ನೋದೇ ಇರಲ್ಲ. ಕೆಲವರು ಏನೇನೋ ಮಾತಾಡ್ತಾರೆ, ಆಮೇಲೆ ಅವರಿಗೇ ನೆನಪಿರಲ್ಲ."

ಹೆಂಡತಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ನಾವು ಕೇಳಿದ್ದಕ್ಕೆ ಉತ್ತರ ಕೊಡ್ತಾರಾ, ಡಾಕ್ಟ್ರೇ?"

ಆ ಪ್ರಶ್ನೆಯಿಂದ ಸೀಲಪ್ಪನ ಅರ್ಧ ಪ್ರಾಣ ಹೋಯಿತು. ಉಳಿದರ್ಧ ಹೋದದ್ದು ಡಾಕ್ಟರಮ್ಮ ಒಂದು ತಟ್ಟೆಯ ತುಂಬ ಗುಲಾಬಿ ಬಣ್ಣದ ಲೇಪ ಕಲಸಿಕೊಂಡು ಬಂದಾಗ. ಯಾವ ದಾರಿ ಹಿಡಿದರೂ ಮೊದಲು ಅಳತೆಗೆ ಅಚ್ಚು ಬೇಕಂತೆ. ಕೂಗಬೇಕು ಎನ್ನುವಷ್ಟರಲ್ಲಿ ಲೇಪ ಬಾಯಿ ತುಂಬಿತ್ತು. ಮೂಗಿನಲ್ಲಿ ಉಸಿರಾಡಿ ಎಂದು ಡಾಕ್ಟರಮ್ಮ ಹೆಗಲು ತಟ್ಟಿದರು. ತಟ್ಟೆ ಹೊರಗೆ ಬಂದಾಗ ಅದರಲ್ಲಿ ಅದೇ ಎರಡು ಗುಳಿ, ನಡುವೆ ಓರೆ ಗೆರೆ, ಎಲ್ಲ ಲಕ್ಷಣವಾಗಿ ಮೂಡಿದ್ದವು. ಇದು ಎಲ್ಲಿಗೆ ಹೋಗುತ್ತದೆ ಎಂದು ಸೀಲಪ್ಪ ಕೇಳಿದ. ಲ್ಯಾಬಿಗೆ ಎಂದರು ಡಾಕ್ಟರಮ್ಮ.

ಲ್ಯಾಬು ಎಂದರೆ ಅವನಿಗೆ ಗೊತ್ತಿದ್ದದ್ದು ಒಂದೇ. ಕೊಲೆ, ದರೋಡೆ ಆದಾಗ ಪೋಲೀಸರು ಬೆರಳಚ್ಚು ಕಳಿಸುತ್ತಾರಲ್ಲ, ಅದು. ಹೆಂಡತಿ ಮನೆಗೆ ಬಂದವಳೇ ಅವನ ಅಂಗಿಯ ಜೇಬುಗಳನ್ನು ಹೊರಳಿಸಿ ನೋಡಿದಳು. ಒಂದು ಜೇಬಿನಲ್ಲಿ ಸೀಸದ ಗುಂಡುಗಳಿದ್ದವು. ಇಪ್ಪತ್ತೆರಡು ವರ್ಷದಿಂದ ಇದ್ದ ಗುಂಡುಗಳೇ, ಆದರೆ ಅವತ್ತು ಆಕೆ ಅವನ್ನು ಒಂದು ಡಬ್ಬಿಗೆ ಹಾಕಿ ಎತ್ತಿಟ್ಟುಕೊಂಡಳು.

ಶುಕ್ರವಾರ ನೋವಿನ ಮಾತ್ರೆ ತರಲು ಹೋದ ಸೀಲಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಡಾಕ್ಟರಮ್ಮನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಕರ್ಚೀಫು ಹಿಡಿದ ಸಾಹೇಬರು ಕೂತಿದ್ದರು.

"ಅಚ್ಚು ಲ್ಯಾಬಿನಿಂದ ಬಂತಾ?" ಎಂದು ಸಾಹೇಬರು ಕೇಳಿದರು.

"ಬಂದಿದೆ ಸಾರ್. ಸೋಮವಾರ ಬೆಳಿಗ್ಗೆ ಕೂರಿಸಿ ನೋಡೋಣ. ಸರಿಯಾಗಿ ಕೂತ್ರೆ ಅಲ್ಲಿಗೆ ಮುಗೀತು."

"ಯಾರಿಗೂ ಹೇಳ್ಬೇಡಿ. ನನಗೆ ಮುಜುಗರ," ಎಂದರು ಸಾಹೇಬರು.

ಸೀಲಪ್ಪ ಮಾತ್ರೆಯನ್ನೂ ಮರೆತು ಹೊರಗೆ ಬಂದು ಗೋಡೆ ಹಿಡಿದು ನಿಂತ. ಈಗ ಎಲ್ಲವೂ ಬಿಚ್ಚಿಟ್ಟಂತೆ ಅರ್ಥವಾಯಿತು. ಅವನ ದವಡೆಯ ಅಚ್ಚು ಬಂದಿದೆ, ಸೋಮವಾರ ಅದನ್ನು ಸೀಲಿನ ಗುಳಿಗೆ ಕೂರಿಸಿ ನೋಡುತ್ತಾರೆ, ಕೂತರೆ ಮುಗಿಯಿತು. ತನ್ನ ಕೈಕೆಳಗಿನವನೇ ಅಪರಾಧಿ ಎಂದು ಸಾಹೇಬರಿಗೆ ಮುಜುಗರ. ಸುಮ್ಮನೆ ಹಲ್ಲು ನೋಡುವ ಹೆಣ್ಣುಮಗಳು ಅಷ್ಟು ಸಮಾಧಾನದಿಂದ ಮಾತಾಡಿದಾಗಲೇ ತನಗೆ ಹೊಳೆಯಬೇಕಿತ್ತು. ಸೂಜಿ ಹಿಡಿದವರು ಯಾರಾದರೂ ಕಾರಣವಿಲ್ಲದೆ ಮೆಲ್ಲಗೆ ಮಾತಾಡುತ್ತಾರೆಯೇ?

ಶನಿವಾರ ಡಾಕ್ಟರಮ್ಮ ಬಾಗಿಲು ತೆಗೆಯುವ ಮೊದಲೇ ಸೀಲಪ್ಪ ಒಬ್ಬನೇ ಅಲ್ಲಿ ನಿಂತಿದ್ದ. ಅವನಿಗೆ ಎರಡು ಕೆಲಸ ಆಗಬೇಕಿತ್ತು. ಹಲ್ಲು ಕೀಳಬೇಕು, ಅಚ್ಚು ವಾಪಸು ಬೇಕು. ಡಾಕ್ಟರಮ್ಮ ಎಷ್ಟೋ ಹೇಳಿ ನೋಡಿದರು. ಬೇರು ಗಟ್ಟಿಯಾಗಿದೆ, ಭಯದಿಂದ ಕೀಳಿಸಿಕೊಳ್ಳಬೇಡಿ, ಮಾತ್ರೆ ನುಂಗಿ ಬನ್ನಿ, ಒಂದು ವಾರ ಯೋಚನೆ ಮಾಡಿ ಎಂದರು. ವಾರ ಎಂದ ಕೂಡಲೇ ನಡುವಿನ ಸೋಮವಾರ ನೆನಪಾಗಿ ಸೀಲಪ್ಪ ಕುರ್ಚಿ ಹತ್ತಿ ಕೂತೇಬಿಟ್ಟ. ಒಪ್ಪಿಗೆ ಪತ್ರವನ್ನು ನಾಲ್ಕು ಸಲ ಓದಿ, ಹಿಂದಿನ ಖಾಲಿ ಪುಟವನ್ನೂ ಬೆಳಕಿಗೆ ಹಿಡಿದು ನೋಡಿ ಸಹಿ ಮಾಡಿದ. ಗಾಳಿ ಬೇಡ, ಮಾತ್ರೆ ಬೇಡ, ಮಂಪರಂತೂ ಬೇಡವೇ ಬೇಡ, ಸೂಜಿ ಸಾಕು ಎಂದ. ಹೆದರಿ ಸಾಯುವುದಾದರೂ ಎಚ್ಚರದಲ್ಲೇ ಸಾಯಬೇಕು ಎಂದು ನಿಶ್ಚಯಿಸಿದ್ದ.

ನೋವಾದರೆ ಕೈ ಎತ್ತಿ, ಕೂಡಲೇ ನಿಲ್ಲಿಸುತ್ತೇನೆ ಎಂದರು ಡಾಕ್ಟರಮ್ಮ. ಸೀಲಪ್ಪ ತಕ್ಷಣ ಕೈ ಎತ್ತಿದ. ಇನ್ನೂ ಏನೂ ಮುಟ್ಟಿಲ್ಲ ಎಂದರು. ಕೈ ಇಳಿಸಿದ. ಮುಲಾಮಿನ ಹತ್ತಿ ನೋಡಿ ಎತ್ತಿದ. ಸೂಜಿ ನೋಡಿ ಎರಡೂ ಕೈ ಎತ್ತಿದ. ಕೆನ್ನೆ ಮರಗಟ್ಟಿದ ಮೇಲೂ, ನೋವಿಲ್ಲ ಎನ್ನುವುದನ್ನು ನಂಬದೆ ಎತ್ತಿದ. ಕೊನೆಗೆ ಸಹಾಯಕಿ ಅವನ ಅಂಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡು, ನಾನು ಹಿಡಿದಿದ್ದೀನಿ, ಹಿಂಡಿದರೆ ಸಾಕು, ಡಾಕ್ಟರಮ್ಮನಿಗೆ ಹೇಳುತ್ತೇನೆ ಎಂದಳು. ಆ ದಿನ ಸೀಲಪ್ಪ ಯಾರನ್ನಾದರೂ ನಂಬಿದ್ದರೆ ಅದು ಆ ಕೈಯನ್ನು. ಮುಂದಿನ ಇಪ್ಪತ್ತು ನಿಮಿಷ ಅವನು ಒಂದು ಸಲವೂ ಹಿಂಡಲಿಲ್ಲ, ಸುಮ್ಮನೆ ಹಿಡಿದುಕೊಂಡೇ ಇದ್ದ.

ಹಲ್ಲು ತಟ್ಟೆಗೆ ಬಿದ್ದ ಸದ್ದು ಕೇಳಿತು. ಎಷ್ಟು ಗಟ್ಟಿ ಬೇರು ನೋಡಿ, ಇನ್ನೂ ಇಪ್ಪತ್ತು ವರ್ಷ ಬಾಳುತ್ತಿತ್ತು ಎಂದು ಡಾಕ್ಟರಮ್ಮ ಬೇಸರದಿಂದ ಹೇಳಿದರು. ಸೀಲಪ್ಪನಿಗೂ ದುಃಖವಾಯಿತು. ನಲವತ್ತು ವರ್ಷ ಜೊತೆಗಿದ್ದ ಹಲ್ಲು, ಒಂದು ದಿನವೂ ತೊಂದರೆ ಕೊಟ್ಟಿರಲಿಲ್ಲ, ಕೆಲಸ ಬಂದಾಗ ಸೀಸಕ್ಕೂ ಹಿಂಜರಿದಿರಲಿಲ್ಲ. ಅವನ ಕಣ್ಣಲ್ಲಿ ನೀರು ಬಂತು. ನೋವಾ ಎಂದು ಕೇಳಿದರೆ ಇಲ್ಲವೆಂದು ತಲೆಯಾಡಿಸಿದ. ಅಚ್ಚು ಯಾಕೆ ಬೇಕು ಎಂದು ಕೇಳಿದ್ದಕ್ಕೆ, ನೆನಪಿಗೆ ಎಂದ.

ಹಲ್ಲನ್ನು ಬೀದಿಯ ಮೋರಿಯ ಜಾಲರಿಯೊಳಗೆ ಇಳಿಬಿಟ್ಟ. ಡಾಕ್ಟರಮ್ಮ ಕೊಟ್ಟ ಪ್ಲಾಸ್ಟರಿನ ಅಚ್ಚನ್ನು ರಸ್ತೆಯ ನಡುವೆ ಇಟ್ಟು ಬಸ್ಸಿಗಾಗಿ ಕಾದ. ಮೊದಲ ಬಸ್ಸಿನವನು ರಸ್ತೆಯಲ್ಲಿ ದವಡೆ ಕಂಡು ಪಕ್ಕಕ್ಕೆ ತಿರುಗಿಸಿಕೊಂಡು ಹೋದ. ಎರಡನೆಯ ಬಸ್ಸು ಕೆಲಸ ಮುಗಿಸಿತು. ಸೀಲಪ್ಪ ಪುಡಿಯನ್ನು ಚಪ್ಪಲಿಯಿಂದ ಸವರಿ, ಮನೆಗೆ ಹೋಗಿ ಹಾಲಿನಲ್ಲಿ ಬ್ರೆಡ್ಡು ನೆನೆಸಿ ತಿಂದ. ಹಲ್ಲು ಏನಾಯಿತು ಎಂದು ಹೆಂಡತಿ ಕೇಳಿದಳು. ಡಾಕ್ಟರಮ್ಮ ಕಿತ್ತರು ಎಂದ. ಉಳಿಸಬಹುದು ಅಂದಿದ್ದರಲ್ಲ ಎಂದಳು ಆಕೆ, ಮುಖವನ್ನೇ ನೋಡುತ್ತ. ಆಮೇಲೆ ಡಬ್ಬಿ ತೆಗೆದು ಒಂದು ಸೀಸದ ಗುಂಡನ್ನು ಉಗುರಿನಿಂದ ಒತ್ತಿ ನೋಡತೊಡಗಿದಳು.

ಸೋಮವಾರ ಸೀಲಪ್ಪ ಸ್ನಾನ ಮಾಡಿ, ಒಗೆದ ಅಂಗಿ ಹಾಕಿಕೊಂಡು, ಸೊಂಟದಲ್ಲಿ ಇಕ್ಕಳ ಸಿಕ್ಕಿಸಿ, ನಿರ್ಮಲ ಮನಸ್ಸಿನಿಂದ ಕಚೇರಿಗೆ ಹೋದ. ಸಾಕ್ಷಿಯಿಲ್ಲದ ಅಪರಾಧಿಗೆ ಬರುವ ಧೈರ್ಯ ನಿರಪರಾಧಿಗೂ ಬರುವುದಿಲ್ಲ. ಐದೂ ಜನ ಒಬ್ಬೊಬ್ಬರಾಗಿ ಸೀಸ ಒತ್ತಿದರು. ಐದಕ್ಕೂ ಕಚೇರಿಯ ಗುರುತೇ ಬಿತ್ತು. ಸಾಹೇಬರು ಭೂತಗನ್ನಡಿ ಹಿಡಿದು ನೋಡಿ, ಯಾವುದೂ ತಾಳೆಯಾಗದೆ, ಬೇಜಾರಿನಿಂದ ತಲೆ ಎತ್ತಿದರು. ಅವತ್ತು ಕರ್ಚೀಫು ಮೇಜಿನ ಮೇಲಿತ್ತು. ಸಾಹೇಬರ ಬಾಯಲ್ಲಿ ಮೇಲೂ ಕೆಳಗೂ ಹೊಳೆಯುವ ಹೊಸ ಹಲ್ಲುಗಳ ಸಾಲು ಇತ್ತು, ಮಾತಾಡಿದರೆ ಸಣ್ಣಗೆ ಸಿಳ್ಳೆ ಬರುತ್ತಿತ್ತು.

ಯಾರ ಅಚ್ಚು ಬಂದಿತ್ತು, ಎಲ್ಲಿ ಕೂರಿಸಿ ನೋಡುವುದಿತ್ತು, ಯಾರಿಗೆ ಯಾಕೆ ಮುಜುಗರ ಎಂಬುದೆಲ್ಲ ಸೀಲಪ್ಪನಿಗೆ ಒಟ್ಟಿಗೇ ಹೊಳೆಯಿತು. ಅವನ ಕೈ ತಾನಾಗಿ ಕೆನ್ನೆಗೆ ಹೋಯಿತು. ಆದರೂ ಕೆಲಸ ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಸಾಹೇಬರು ಕುರ್ಚಿಗೊರಗಿ ಬಾಯಿ ಬಿಟ್ಟರು. ಊರಿನಲ್ಲಿ ಯಾರೋ ಕಚೇರಿಯ ಇಕ್ಕಳದಂಥದೇ ಇಕ್ಕಳ ಮಾಡಿಸಿಕೊಂಡು ಮೀಟರುಗಳನ್ನು ಬಿಚ್ಚಿ ಮತ್ತೆ ಸೀಲು ಹಾಕುತ್ತಿದ್ದಾರಂತೆ. ಯಾವುದು ಅಸಲಿ, ಯಾವುದು ನಕಲಿ ಎಂದು ಮೇಲಿನವರಿಗೂ ಗೊತ್ತಾಗುತ್ತಿಲ್ಲವಂತೆ.

"ಇಡೀ ಊರಲ್ಲಿ ನಂಬೋಕಾಗೋ ಸೀಲು ಅಂತ ಇದ್ರೆ ಇದೊಂದೇ," ಎಂದು ಪ್ಲಾಸ್ಟಿಕ್ ಕವರು ಎತ್ತಿ ತೋರಿಸಿದರು. "ಈ ಗುರುತನ್ನ ಯಾವ ಕಮ್ಮಾರನೂ ಕೆತ್ತೋಕಾಗಲ್ಲ. ಇದನ್ನ ಮಾಡಿದ ಪುಣ್ಯಾತ್ಮ ಯಾರು ಅಂತ ತಿಳಿದ್ರೆ ಅವರದೇ ಒಂದು ವಿಭಾಗ ಮಾಡಿಕೊಡೋಣ ಅಂತ ಮೇಲಿಂದ ಒಪ್ಪಿಗೆ ಬಂದಿದೆ. ಬೀದಿ ಅಲೆಯೋದು ಬೇಡ, ಫ್ಯಾನಿನ ಕೆಳಗೆ ಕುರ್ಚಿ. ಯಾರೂ ಬಾಯಿ ಬಿಡ್ತಿಲ್ವಲ್ಲ."

ಐವರಲ್ಲಿ ಬಾಗಿಲ ಹತ್ತಿರ ನಿಂತಿದ್ದವನೊಬ್ಬ ಕೂಡಲೇ ಅದು ತನ್ನದೇ ಎಂದ. ಮಾಡಿ ತೋರಿಸು ಎಂದದ್ದಕ್ಕೆ ಸೈಕಲ್ ರಿಪೇರಿಯವರ ಇಕ್ಕಳ ತಂದು ಒತ್ತಿ ಬೆರಳು ಜಜ್ಜಿಕೊಂಡ. ಸೀಲಪ್ಪ ಫ್ಯಾನಿನ ಕಡೆ ನೋಡಿದ, ಆಮೇಲೆ ತನ್ನ ಕಾಲಿನ ಕಡೆ. ಇಪ್ಪತ್ತಾರು ವರ್ಷ ಬಿಸಿಲಲ್ಲಿ ಸವೆದ ಕಾಲು.

"ಅದು ನಂದು ಸಾರ್," ಎಂದ. "ಹಲ್ಲಲ್ಲಿ ಕಚ್ಚಿದ್ದು."

ಎಲ್ಲರೂ ನಕ್ಕರು. ಸಾಹೇಬರು ನಗಲಿಲ್ಲ, ಅವರ ಹಲ್ಲು ಇನ್ನೂ ಹೊಸದು. ಕಡತದಿಂದ ಒಂದು ಚೀಟಿ ತೆಗೆದು ಓದಿದರು. ಮೆಟ್ಟಿಲಿನಿಂದ ಜಾರಿ ಹಲ್ಲು ಮುರಿದಿದೆ ಎಂದು ಸೀಲಪ್ಪನೇ ಬರೆದು ಸಹಿ ಮಾಡಿದ ರಜೆಯ ಚೀಟಿ ಅದು. ಅದು ಸುಳ್ಳು ಎಂದ ಸೀಲಪ್ಪ. ಹಾಗಾದರೆ ಇದೂ ಸುಳ್ಳಿರಬಹುದಲ್ಲ ಎಂದರು ಸಾಹೇಬರು. ಸೀಲಪ್ಪ ತನ್ನ ಜೀವಮಾನದಲ್ಲಿ ಇತರರಿಗೆ ಎಷ್ಟೋ ಸಲ ಹೇಳಿದ್ದ ಮಾತು ಅದು. ಎದುರಿನವನಿಗೆ ಹೇಗಿರುತ್ತದೆ ಎಂದು ಅವನಿಗೆ ಆಗ ಗೊತ್ತಾಯಿತು. ಮನಸ್ಸಿನಲ್ಲಿ ಅಚ್ಚಿಗಾಗಿ ತಡಕಾಡಿದ, ಬಸ್ಸು ನೆನಪಾಯಿತು. ಹಲ್ಲಿಗಾಗಿ ತಡಕಾಡಿದ, ಮೋರಿ ನೆನಪಾಯಿತು.

ಆಗ ಬಾಗಿಲಲ್ಲಿ ಗಲಾಟೆಯಾಗಿ ದಿನಸಿ ಅಂಗಡಿಯವರು ಒಳಗೆ ಬಂದರು, ಅವರ ಹಿಂದೆ ಸೀಲಪ್ಪನ ಹೆಂಡತಿ. ಅಂಗಡಿಯವರು ತಮ್ಮ ಅಕ್ಕಿಯಲ್ಲಿ ಕಲ್ಲಿರಲಿಲ್ಲ ಎಂದು ಸೀಲಪ್ಪನಿಂದ ಸಾಹೇಬರ ಎದುರಿಗೇ ಬರೆಸಿಕೊಂಡು ಹೋಗಲು ಬಂದಿದ್ದರು, ಬೀದಿಯವರೆಲ್ಲ ಅಕ್ಕಿ ಆರಿಸಿ ಆರಿಸಿ ಕೊಳ್ಳುತ್ತಿದ್ದಾರಂತೆ. ಸಾಹೇಬರು ಸೀಲಪ್ಪನ ಕಡೆ ನೋಡಿದರು. ಮೆಟ್ಟಿಲು, ಸೀಲು, ಈಗ ಕಲ್ಲು.

"ಇವರು ಸೀಲು ಕಚ್ಚಿದೆ ಅಂತಿದ್ದಾರಮ್ಮ," ಎಂದರು. "ನಂಬೋದಾ?"

ಆಕೆ ಗಂಡನ ಬೆವೆತ ಮುಖ ನೋಡಿದಳು, ಅಂಗಡಿಯವರ ಮುಖ ನೋಡಿದಳು. ಆಮೇಲೆ ಕೈಚೀಲದಿಂದ ಡಬ್ಬಿ ತೆಗೆದು, ಅದರೊಳಗಿದ್ದ ಗುಂಡುಗಳನ್ನು ಮೇಜಿನ ಮೇಲೆ ಸುರಿದಳು.

"ನಂಬಿ ಸಾರ್. ಹಲ್ಲಲ್ಲಿ ಸೀಸ ಮೆತ್ಕೊಂಡಿದೆ ಅಂತ ಡಾಕ್ಟ್ರಮ್ಮನೇ ಹೇಳಿದ್ರು, ನಾನೇ ಕೇಳಿಸ್ಕೊಂಡಿದ್ದೀನಿ. ಕಾಲು ಜಾರಿದ್ರೆ, ಕಲ್ಲು ಸಿಕ್ಕಿದ್ರೆ ಸೀಸ ಎಲ್ಲಿಂದ ಬರ್ಬೇಕು?" ಗಂಡನ ಕಡೆ ತಿರುಗಿದಳು. ಅವಳ ದನಿ ಸ್ವಲ್ಪ ಕೆಳಗಿಳಿಯಿತು. "ಈ ಮಾತನ್ನ ನಂಗೆ ಹೇಳಿದ್ರೆ ನಾನೇನು ತಿಂದುಬಿಡ್ತಿದ್ನಾ? ಹಲ್ಲಾದ್ರೂ ಉಳೀತಿತ್ತು."

ಸೀಲಪ್ಪನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆಂಡತಿ ತನ್ನ ಪಕ್ಕಕ್ಕೆ ಬಂದು ನಿಂತದ್ದು ಹಿತವಾಯಿತು. ಅಕ್ಕಿಯ ಮಾನ ಉಳಿಯಿತೆಂದು ಅಂಗಡಿಯವರು ಕೈ ಮುಗಿದು ಹೊರಟರು.

ಸಾಹೇಬರು ಎದ್ದು ಬಂದರು. ಮುಖ ಅರಳಿತ್ತು, ಹೊಸ ಹಲ್ಲುಗಳೆಲ್ಲ ಕಾಣುತ್ತಿದ್ದವು. ಹಾಗಾದರೆ ಒಮ್ಮೆ ತೋರಿಸಿ, ಬಾಯಿ ಬಿಡಿ ಎಂದರು. ಸೀಲಪ್ಪ ಜೀವಮಾನದಲ್ಲಿ ಮೊದಲ ಸಲ, ಯಾರೂ ತಿವಿಯದೆ, ಎಲ್ಲರ ಎದುರಿಗೆ ಪೂರ್ತಿಯಾಗಿ ಬಾಯಿ ಬಿಟ್ಟ. ಸಾಹೇಬರು ಟಾರ್ಚು ಹಾಕಿ ಬಗ್ಗಿ ನೋಡಿದರು. ಇಕ್ಕಳ ಇರಬೇಕಾದ ಕಡೆ ಒಂದು ಕೆಂಪು ಗುಂಡಿ ಇತ್ತು.

ಅವರು ತುಂಬ ಹೊತ್ತು ಆ ಗುಂಡಿಯನ್ನೇ ನೋಡಿದರು. ಆಮೇಲೆ ಟಾರ್ಚನ್ನು ಒಂದಿಷ್ಟು ಹಿಂದಕ್ಕೆ ಸರಿಸಿ, ಮೇಜಿನ ಮೇಲಿನಿಂದ ಒಂದು ಹೊಸ ಸೀಸದ ಗುಂಡು ಎತ್ತಿಕೊಂಡು, ಡಾಕ್ಟರಮ್ಮನಷ್ಟೇ ಮೆಲ್ಲಗೆ ಕೇಳಿದರು:

"ಪಕ್ಕದ್ದು ಗಟ್ಟಿ ಇದೆಯೇನ್ರೀ?"